ಹೆಗಲ ಮೇಲೆ ಸಿಂಹ ಇದೆ, ಆದ್ರೆ ಮೇಜರ್ ಅಲ್ಲ!

ಪ್ರಶ್ನೆ: ನನ್ನ ತಮ್ಮ ಭಾರತೀಯ ಸೇನೆಯ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್. ವಯಸ್ಸು 38, ಸರ್ವಿಸ್ 19 ವರ್ಷ. ಅವನ ಯೂನಿಟ್‌ನ ಕಾರ್ಯಕ್ರಮಕ್ಕೆ ಹೋಗಿದ್ದಾಗ, ಹೆಗಲ ಮೇಲೆ ಸಿಂಹಲಾಂಛನ ಇದ್ದ ಹಿರಿಯರೊಬ್ಬರನ್ನು ‘ಮೇಜರ್ ಸರ್’ ಅಂದುಬಿಟ್ಟೆ. ‘ಅಕ್ಕಾ, ಅವರು ಎಸ್‌ಎಂ ಸಾಬ್’ ಅಂತ ತಮ್ಮ ನಕ್ಕ. ಅವರು ಅಧಿಕಾರಿಯೋ, ಜವಾನರೋ? ತಮ್ಮನೂ ಅಲ್ಲಿವರೆಗೆ ಹೋಗಬಹುದಾ?

ಉತ್ತರ: ಈ ತಪ್ಪು ಎಲ್ಲರೂ ಮಾಡುತ್ತಾರೆ, ಬೇಜಾರಾಗಬೇಡಿ. ಮುಂದಿನ ಸಲ ಸಿಂಹದ ಜೊತೆ ಕೆಂಪು-ಹಳದಿ-ಕೆಂಪು ಪಟ್ಟಿ ಇದೆಯಾ ನೋಡಿ. ಇದ್ದರೆ ಸುಬೇದಾರ್ ಮೇಜರ್, ಅಂದರೆ ಎಸ್‌ಎಂ; ಪಟ್ಟಿ ಇಲ್ಲದೆ ಬರೀ ಸಿಂಹ ಇದ್ದರೆ ಮೇಜರ್. ಅದೇ ಪಟ್ಟಿಯ ಜೊತೆ ಒಂದು ನಕ್ಷತ್ರ ಇದ್ದರೆ ನಾಯಬ್ ಸುಬೇದಾರ್, ಎರಡಿದ್ದರೆ ಸುಬೇದಾರ್. ಈ ಮೂವರೂ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು: ಜವಾನರಿಗಿಂತ ಮೇಲೆ, ಅಧಿಕಾರಿಗಳಿಗಿಂತ ಕೆಳಗೆ. ಸಿಪಾಯಿಯಾಗಿ ಸೇರಿದವರು ಹತ್ತುವ ಏಣಿಯ ಕೊನೇ ಮೆಟ್ಟಿಲು ಸುಬೇದಾರ್ ಮೇಜರ್. ಬ್ರಿಟಿಷರ ಕಾಲದಲ್ಲಿ ಇವರು ವೈಸರಾಯ್ಸ್ ಕಮಿಷನ್ಡ್ ಆಫೀಸರ್‌ಗಳು, ಅಂದರೆ ಬಿಳಿ ಅಧಿಕಾರಿಗೂ ಇಲ್ಲಿನ ಸಿಪಾಯಿಗೂ ನಡುವಿನ ಕೊಂಡಿ.

ಆ ಕೊಂಡಿಯ ಕೆಲಸ ಈಗಲೂ ಇದೆ. ಸುಮಾರು 800 ಜನರ ಬೆಟಾಲಿಯನ್‌ಗೆ ಒಬ್ಬರೇ ಸುಬೇದಾರ್ ಮೇಜರ್. ಕಮಾಂಡಿಂಗ್ ಆಫೀಸರ್ ಎರಡು-ಮೂರು ವರ್ಷಕ್ಕೆ ಬದಲಾಗುತ್ತಾರೆ. ಎಸ್‌ಎಂ ಸಾಬ್ ಮಾತ್ರ ಅದೇ ಪಲ್ಟನ್‌ನಲ್ಲಿ ತಲೆ ನರೆಸಿಕೊಂಡವರು. ಅಕಾಡೆಮಿಯಿಂದ ಈಗಷ್ಟೇ ಬಂದ 22ರ ಲೆಫ್ಟಿನೆಂಟ್‌ಗೆ ಅವರೇ ಸೆಲ್ಯೂಟ್ ಹೊಡೆಯಬೇಕು. ಆದರೆ ಆ ಹುಡುಗ ಅವರನ್ನು ‘ಸಾಬ್’ ಅಂತಲೇ ಮಾತಾಡಿಸಬೇಕು. ಲಂಗರ್‌ನಲ್ಲಿ ಒಬ್ಬ ಜವಾನ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಅಂತಿಟ್ಟುಕೊಳ್ಳಿ. ಊರಲ್ಲಿ ಜಮೀನಿನ ಜಗಳ, ರಜೆ ಕೇಳೋಕೆ ಸಂಕೋಚ. ಅದು ಅಧಿಕಾರಿಯ ಕಿವಿಗೆ ಬೀಳೋ ಮೊದಲು ಎಸ್‌ಎಂ ಸಾಬ್‌ಗೆ ಗೊತ್ತಿರುತ್ತದೆ. ಸಿಒ ಆಫೀಸಿಗೆ ಹೋಗಿ ‘ಸರ್, ಇವನನ್ನು ಈ ವಾರ ಮನೆಗೆ ಕಳಿಸೋಣ’ ಅನ್ನುತ್ತಾರೆ, ಅಷ್ಟೇ. ನನ್ನ ಪ್ರಕಾರ ಈ ಹುದ್ದೆಯ ತೂಕ ಇರೋದು ಗದರಿಸುವ ಗಂಟಲಲ್ಲಿ ಅಲ್ಲ, ಈ ಕಿವಿಯಲ್ಲಿ.

ಇನ್ನು ನಿಮ್ಮ ತಮ್ಮನ ವಿಷಯ. ಇಲ್ಲಿ ಓಟ ಕ್ಯಾಲೆಂಡರ್ ಜೊತೆ. ಹವಾಲ್ದಾರ್‌ಗೆ 26 ವರ್ಷ ಸರ್ವಿಸ್ ಅಥವಾ 49 ವಯಸ್ಸು, ಯಾವುದು ಮೊದಲೋ ಅದಕ್ಕೆ ನಿವೃತ್ತಿ. ನಾಯಬ್ ಸುಬೇದಾರ್ ಆದರೆ 28 ವರ್ಷ, ಸುಬೇದಾರ್‌ಗೆ 30, ಸುಬೇದಾರ್ ಮೇಜರ್‌ಗೆ 34. ಅಂದರೆ ಒಂದೊಂದು ಬಡ್ತಿಯೂ ಮುಂದಿನ ಬಡ್ತಿಗೆ ಸಮಯ ಕೊಡುತ್ತದೆ, ಒಂದು ತಡವಾದರೆ ಮುಂದಿನದು ಕೈ ತಪ್ಪುತ್ತದೆ. ನಿಮ್ಮ ತಮ್ಮನಿಗೆ ಇನ್ನು ಏಳು ವರ್ಷ ಇದೆ. ಅಷ್ಟರಲ್ಲಿ ನಾಯಬ್ ಸುಬೇದಾರ್ ಆಗಲೇಬೇಕು. ಕೇಡರ್ (ಬಡ್ತಿಗೆ ಬೇಕಾದ ಕೋರ್ಸ್) ಪಾಸಾಗಿರಬೇಕು, ಮೆಡಿಕಲ್ ಕೆಟಗರಿ ಚೆನ್ನಾಗಿರಬೇಕು, ಎಸಿಆರ್ (ಮೇಲಧಿಕಾರಿ ಬರೆಯುವ ವಾರ್ಷಿಕ ಗೋಪ್ಯ ವರದಿ) ಒಳ್ಳೆಯದಿರಬೇಕು, ರೆಡ್ ಇಂಕ್ ಎಂಟ್ರಿ (ದಾಖಲೆಯಲ್ಲಿ ಶಿಕ್ಷೆಯ ನಮೂದು) ಇರಬಾರದು. ಇಷ್ಟೆಲ್ಲ ಇದ್ದೂ ಖಾಲಿ ಜಾಗ ಇಲ್ಲದೆ ಹವಾಲ್ದಾರ್ ಆಗಿಯೇ ಮನೆಗೆ ಬಂದವರು ಬೇಕಾದಷ್ಟು ಜನ. ಅವರಲ್ಲಿ ಯೋಗ್ಯತೆ ಕಡಿಮೆ ಇತ್ತು ಅಂತ ಸುಮ್ನೆ ಅಂದುಕೊಳ್ಳಬೇಡಿ.

ನೀರಜ್ ಚೋಪ್ರಾ 2016ರಲ್ಲಿ ನೇರವಾಗಿ ನಾಯಬ್ ಸುಬೇದಾರ್ ಆಗಿ ಸೇರಿದರಲ್ವಾ ಅಂತ ಕೇಳಬಹುದು. ಅದು ಕ್ರೀಡಾಪಟುಗಳ ಬಾಗಿಲು, ಬೇರೆ. ತಳದಿಂದ ಹತ್ತಿದವರನ್ನು ನೋಡಬೇಕೆಂದರೆ ಯೋಗೇಂದ್ರ ಸಿಂಗ್ ಯಾದವ್ ಇದ್ದಾರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಹತ್ತಿದಾಗ ಅವರು 19ರ ಸಾಮಾನ್ಯ ಗ್ರೆನೇಡಿಯರ್, ಅಂದರೆ ಗ್ರೆನೇಡಿಯರ್ಸ್ ರೆಜಿಮೆಂಟ್‌ನ ಸಿಪಾಯಿ. ಪರಮವೀರ ಚಕ್ರ ಬಂತು, ನಿಜ. ಆದರೂ ಒಂದೊಂದೇ ಮೆಟ್ಟಿಲು ಹತ್ತಿ ಸುಬೇದಾರ್ ಮೇಜರ್ ಆದರು. 2021ರಲ್ಲಿ ಆನರರಿ ಕ್ಯಾಪ್ಟನ್ ಗೌರವ ಸಿಕ್ಕಿತು. ಇಂಥ ಗೌರವ ರ‍್ಯಾಂಕ್‌ಗಳನ್ನು ಜನವರಿ 26 ಮತ್ತು ಆಗಸ್ಟ್ 15ಕ್ಕೆ ಪ್ರಕಟಿಸುತ್ತಾರೆ.

ತಮ್ಮ ರಜೆಗೆ ಬಂದಾಗ ಎರಡೇ ಪ್ರಶ್ನೆ ಕೇಳಿ: ಕೇಡರ್ ಮುಗಿಸಿದ್ದೀಯಾ? ಸೀನಿಯಾರಿಟಿ ಪಟ್ಟಿಯಲ್ಲಿ ನಿನ್ನ ಮುಂದೆ ಎಷ್ಟು ಜನ ಇದ್ದಾರೆ? ಎರಡನೆಯದಕ್ಕೆ ಉತ್ತರ ಅವನ ಬಾಯಲ್ಲೇ ಇರುತ್ತದೆ. ಆ ಲೆಕ್ಕ ಹಾಕದ ಹವಾಲ್ದಾರ್ ಸಿಗೋದೇ ಕಷ್ಟ.