ಲೆಸ್ಟರ್‌ಗೆ ಬಂದ ತಂಗಿಗೆ, ಬಿಬಿಸಿ ಬಗ್ಗೆ

ತಂಗಿ, ಅಕ್ಕಿ, ತೊಗರಿಬೇಳೆ, ಕರಿಬೇವು ಎಲ್ಲಾ ಬೆಲ್‌ಗ್ರೇವ್ ರೋಡಿನಲ್ಲಿ ಸಿಗುತ್ತದೆ, ಚಿಂತೆ ಬೇಡ. ಬಾಡಿಗೆ ವಿಷಯ ಫೋನಿನಲ್ಲಿ ಮಾತಾಡೋಣ. ನೀನು ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. "ವಾರ್ಡಿನಲ್ಲಿ ಒಬ್ಬರು ಬಿಬಿಸಿ ಇಸ್ರೇಲ್ ಕಡೆ ಅನ್ನುತ್ತಾರೆ, ಇನ್ನೊಬ್ಬರು ಹಮಾಸ್ ಕಡೆ ಅನ್ನುತ್ತಾರೆ. ಹಾಗಿದ್ದರೆ ಬಿಬಿಸಿಗೆ ಹೋಗುವ ಟಿವಿ ಲೈಸೆನ್ಸ್ ದುಡ್ಡು ಯಾಕೆ ಕಟ್ಟಬೇಕು ಅಕ್ಕಾ?"

ಕಟ್ಟಲೇಬೇಕು. ಯಾವ ಚಾನೆಲ್ ಲೈವ್ ನೋಡಿದರೂ, ಇಂಟರ್ನೆಟ್‌ನಲ್ಲಿ ಬಿಬಿಸಿಯ ಐಪ್ಲೇಯರ್ ನೋಡಿದರೂ ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ಕಂತಿನಲ್ಲೂ ಕಟ್ಟಬಹುದು.

ನಾನು ಬಂದಿದ್ದು 2009ರ ಜನವರಿಯಲ್ಲಿ. ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿನ ಜನಕ್ಕೆ ಹಣ ಕೊಡಿ ಅಂತ ಸಹಾಯ ಸಂಸ್ಥೆಗಳ ಒಕ್ಕೂಟ ಟಿವಿಗೆ ಮನವಿ ಕೊಟ್ಟಿತು. ಐಟಿವಿ, ಚಾನೆಲ್ 4 ಹಾಕಿದವು. ಬಿಬಿಸಿ ಹಾಕಲಿಲ್ಲ. ನಾವು ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ ಅಂತ ಕಾರಣ ಕೊಟ್ಟರು. ಹಿರಿಯ ರಾಜಕಾರಣಿ ಟೋನಿ ಬೆನ್ ಬಿಬಿಸಿಯಲ್ಲೇ ಕೂತು, ಹಣ ಕಳಿಸುವ ವಿಳಾಸ ಓದಿಬಿಟ್ಟರು.

ನಮ್ಮ ಆಸ್ಪತ್ರೆಯ ನೈಟ್ ಶಿಫ್ಟಿನಲ್ಲಿ ಟ್ರಾಲಿ ತಳ್ಳುವ, ಗಾಜಾದ ಪೋರ್ಟರ್ ಒಬ್ಬರಿದ್ದರು. ಟೀ ರೂಮಿನ ಟಿವಿ ಕೆಳಗೆ ನಿಂತು ಫೋನ್ ಒತ್ತುವುದು, ಕಿವಿಗಿಟ್ಟುಕೊಳ್ಳುವುದು, ಮತ್ತೆ ಒತ್ತುವುದು. "ನೋಡು, ನಮ್ಮವರಾದರೆ 'ಸತ್ತರು' ಅನ್ನುತ್ತಾರೆ. ಇಸ್ರೇಲಿನವರು ಸತ್ತರೆ 'ಅವರನ್ನು ಕೊಂದರು' ಅನ್ನುತ್ತಾರೆ" ಅಂದರು. ನಾನು ಪಟ್ಟಂತ ಹೇಳಿದೆ, "ಬಿಬಿಸಿ ಸುಳ್ಳು ಹೇಳಲ್ಲ."

ಅದು ನಮ್ಮಪ್ಪನ ಮಾತು. 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡ ಸುದ್ದಿಯನ್ನು ಆಕಾಶವಾಣಿಗಿಂತ ಎಷ್ಟೋ ಹೊತ್ತು ಮುಂಚೆ ಬಿಬಿಸಿ ಹೇಳಿತ್ತು. ಅಂದಿನಿಂದ ನಮ್ಮನೆಯಲ್ಲಿ ಅದು ವೇದವಾಕ್ಯ. ನಿಮ್ಮನೆಯಲ್ಲೂ ಹಾಗೇ ಇತ್ತು ಅಲ್ವಾ?

ಪೋರ್ಟರ್ ಏನೂ ಅನ್ನಲಿಲ್ಲ. ಫೋನ್ ಜೇಬಿಗಿಟ್ಟುಕೊಂಡು ಟ್ರಾಲಿ ತಳ್ಳಿಕೊಂಡು ಹೋದರು. ಗುರುತಿಲ್ಲದವರನ್ನೂ ಊಟ ಆಯ್ತಾ ಅಂತ ಕೇಳುವ ಊರಿನವಳು ನಾನು. ಫೋನ್ ಯಾರಿಗೆ ಅಂತ ಕೇಳಲಿಲ್ಲ. ಮಾರ್ಚಿನಲ್ಲಿ ಅವರು ಕೆಲಸ ಬಿಟ್ಟರು.

ಆಮೇಲೆ ಹುಡುಕಿ ಓದಿದೆ. ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಗವರ್ನರ್‌ಗಳೇ ನೇಮಿಸಿದ ಸಮಿತಿ 2006ರಲ್ಲಿ, ಇಸ್ರೇಲ್-ಪ್ಯಾಲೆಸ್ಟೀನ್ ಸುದ್ದಿಯಲ್ಲಿ ಬೇಕಂತಲೇ ಪಕ್ಷಪಾತ ಮಾಡಿದ್ದು ಕಾಣಲಿಲ್ಲ ಅಂದಿತ್ತು. ಆದರೆ ಪ್ಯಾಲೆಸ್ಟೀನಿನವರು ಇಸ್ರೇಲಿನ ಹಿಡಿತದಲ್ಲಿ ಬದುಕುವ ವ್ಯತ್ಯಾಸ ವರದಿಗಳಲ್ಲಿ ಸರಿಯಾಗಿ ಬರುತ್ತಿಲ್ಲ ಅಂತಲೂ ಬರೆದಿತ್ತು. ಪೋರ್ಟರ್ ಹೇಳಿದ್ದು ಹೆಚ್ಚುಕಮ್ಮಿ ಅದೇ. ಇಸ್ರೇಲ್ ಕಡೆಯವರ ದೂರೂ ಸುಮ್ನೆ ಅಲ್ಲ. ತನ್ನ ಮಧ್ಯಪ್ರಾಚ್ಯ ಸುದ್ದಿಯ ಬಗ್ಗೆ ತಾನೇ ಬರೆಸಿದ 2004ರ ಬಾಲೆನ್ ವರದಿಯನ್ನು ಬಿಬಿಸಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಮುಚ್ಚಿಟ್ಟಿತು. ಜನರ ದುಡ್ಡಿನಲ್ಲಿ ಬರೆಸಿದ್ದನ್ನು ಜನರಿಗೆ ತೋರಿಸಬೇಕಿತ್ತು. 2025ರಲ್ಲಿ ಗಾಜಾ ಮಕ್ಕಳ ಸಾಕ್ಷ್ಯಚಿತ್ರ ಹಾಕಿದರು. ಕಥೆ ಹೇಳುವ ಹುಡುಗನ ಅಪ್ಪ ಹಮಾಸ್ ಸರ್ಕಾರದಲ್ಲಿ ಉಪಮಂತ್ರಿ ಅಂತ ಹೇಳಲೇ ಇಲ್ಲ. ಟಿವಿ ಚಾನೆಲ್‌ಗಳ ಮೇಲೆ ಕಣ್ಣಿಡುವ ಆಫ್‌ಕಾಮ್ ಅದನ್ನು ಗಂಭೀರ ತಪ್ಪು ಅಂದಿತು. ಅದೇ ವರ್ಷ ಗಾಜಾ ವೈದ್ಯರ ಚಿತ್ರವನ್ನು ತಾವೇ ಮಾಡಿಸಿ ಕೈಬಿಟ್ಟರು, ಚಾನೆಲ್ 4 ಹಾಕಿತು. ಎರಡೂ ಕಡೆಯವರು ಬೈದರೆ ನಾವು ಸರಿ ಇದ್ದೇವೆ ಅನ್ನುವ ವಾದವನ್ನು ನಾನು ಒಪ್ಪಲ್ಲ. ಎರಡೂ ಕಡೆಗೆ ತಪ್ಪಾಗಬಹುದು.

2023ರ ಅಕ್ಟೋಬರ್‌ನಲ್ಲಿ ನಮ್ಮ ಯಹೂದಿ ಸಿಸ್ಟರ್ ಒಬ್ಬರು, ಬಿಬಿಸಿ ಹಮಾಸ್‌ನವರನ್ನು ಭಯೋತ್ಪಾದಕರು ಅನ್ನಲ್ಲ ಅಂತ ಕಣ್ಣೀರಿಟ್ಟರು. ಬಿಬಿಸಿ ಬಗ್ಗೆ ನಾನು ತುಟಿ ಬಿಚ್ಚಲಿಲ್ಲ. "ಅಲ್ಲಿ ನಿಮ್ಮವರು ಯಾರಿದ್ದಾರೆ?" ಅಂದೆ. ಅಕ್ಕನ ಮಗನ ಫೋಟೋ ತೋರಿಸಿದರು. ಟೀ ಆರುವವರೆಗೂ ಅವನ ಬಗ್ಗೆಯೇ ಮಾತಾಡಿದರು.

ನಿನ್ನ ವಾರ್ಡಿನ ಆ ಇಬ್ಬರ ಮನೆಯವರು ಯಾರಾದರೂ ಅಲ್ಲಿದ್ದಾರಾ? ಕೇಳಿದ್ಯಾ?