ಯುದ್ಧ ಬಂದರೆ ನಾಯಿ, ಬೆಕ್ಕು, ದನಗಳ ಗತಿಯೇನು? ಅವನ್ನು ಉಳಿಸಲು ಹೋಗುವವರಿಗೆ ಹುಚ್ಚೇ?

ಪ್ರಶ್ನೆ ಕೇಳಿದವರು ಕಾರವಾರಕ್ಕೆ ಹೊಸದಾಗಿ ವರ್ಗವಾಗಿ ಬಂದವರಂತೆ. ಮನೆಯೊಳಗೆ ಎರಡು ಬೆಕ್ಕು, ಗೇಟಿನ ಹೊರಗೆ ಅನ್ನ ಹಾಕುವ ನಾಲ್ಕು ಬೀದಿನಾಯಿ. 2025ರ ಮೇ ತಿಂಗಳಲ್ಲಿ ಯುದ್ಧ ಬಂದರೆ ಏನು ಮಾಡಬೇಕೆಂಬ ಮಾಕ್ ಡ್ರಿಲ್ ನಡೆಯುವ ಊರುಗಳ ಪಟ್ಟಿಯಲ್ಲಿ ಕಾರವಾರದ ಹೆಸರು ಬಂದಾಗ ಮನೆಯಲ್ಲಿ ಈ ಮಾತು ಎತ್ತಿದರಂತೆ. "ಮನುಷ್ಯರಿಗೇ ದಿಕ್ಕಿಲ್ಲ, ಇವಳಿಗೆ ಬೆಕ್ಕಿನ ಚಿಂತೆ" ಎಂದು ಎಲ್ಲರೂ ನಕ್ಕರಂತೆ.

ಅಮ್ಮಾ, ನಾನು ಪಶುವೈದ್ಯನಲ್ಲ. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನು. ನಾವು ಐದಾರು ಮಂದಿ ಸೇರಿ ಗಾಡಿಗೆ ಸಿಕ್ಕ ನಾಯಿ, ಬಾವಿಗೆ ಬಿದ್ದ ಕರು, ಬೈತಖೋಲ್ ಬಂದರಿನಲ್ಲಿ ಬಲೆಗೆ ಸಿಕ್ಕ ಬೆಕ್ಕು ಅಂತ ಓಡಾಡುತ್ತಿರುತ್ತೇವೆ. ನಾನು ಯುದ್ಧ ಕಂಡಿಲ್ಲ, ನೆರೆ ಕಂಡಿದ್ದೇನೆ. ಓದಿ ಕೇಳಿ ತಿಳಿದಷ್ಟರಲ್ಲಿ ಹೇಳುವುದಾದರೆ, ಎರಡರಲ್ಲೂ ಸಾಕುಪ್ರಾಣಿ ಸಾಯುವ ರೀತಿ ಹೆಚ್ಚುಕಡಿಮೆ ಒಂದೇ. ಕಟ್ಟಿದಲ್ಲೇ ಸಾಯುತ್ತವೆ.

2019ರ ಆಗಸ್ಟ್ ಮಳೆಗೆ ಕಾಳಿ ನದಿ ಉಕ್ಕಿತು, ಕದ್ರಾ ಅಣೆಕಟ್ಟಿನಿಂದ ನೀರು ಬಿಡಬೇಕಾಯಿತು, ಕೆಳಗಿನ ಊರುಗಳಲ್ಲಿ ತೋಟ ಯಾವುದು ಹೊಳೆ ಯಾವುದು ಗೊತ್ತಾಗದಂತಾಯಿತು. ನಾವು ಒಂದು ಪಾತಿ ದೋಣಿಯಲ್ಲಿ ಹೋಗಿದ್ದೆವು. ಒಂದು ಮನೆಯ ಜಗಲಿಯಲ್ಲಿ ಮೊಣಕಾಲುದ್ದ ನೀರಲ್ಲಿ ಒಬ್ಬರು ಅಜ್ಜಿ ನಿಂತಿದ್ದರು. ಪಕ್ಕದ ಕೊಟ್ಟಿಗೆಯಲ್ಲಿ ಅವರ ದನ, ಗಂಗಿ.

"ಅಜ್ಜಿ, ಮೊದ್ಲು ನೀವು ದೋಣಿ ಹತ್ತಿ, ದನ ಆಮೇಲೆ ನೋಡುವಾ."

"ಆಮೇಲೆ ಅಂದ್ರೆ ಯಾವಾಗ? ಅದು ಬರದೆ ನಾ ಬರೂದಿಲ್ಲ ತಮಾ."

ಈ ವಾದದಲ್ಲಿ ಅರ್ಧ ಗಂಟೆ ಹೋಯಿತು. ದೋಣಿಯವನು ಬೈಯುತ್ತಲೇ ಇದ್ದ. ಆ ಹೊತ್ತಿನಲ್ಲಿ ಇನ್ನೊಂದು ಮನೆಯವರನ್ನು ದಾಟಿಸಬಹುದಿತ್ತು, ಅವನು ಬೈದದ್ದರಲ್ಲಿ ತಪ್ಪೇನೂ ಇಲ್ಲ. ಕಡೆಗೆ ಅವನೇ ಕತ್ತಿಯಲ್ಲಿ ಕಣ್ಣಿ ಕೊಯ್ದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ. ಗಂಗಿ ಮೂಗು ಮೇಲೆತ್ತಿಕೊಂಡು ದೋಣಿಯ ಪಕ್ಕದಲ್ಲೇ ಈಜಿತು, ನಮಗಿಂತ ಚೆಂದ. ದಡ ಮುಟ್ಟುವವರೆಗೂ ಅಜ್ಜಿ ಅದರ ಕೋಡಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಮರುದಿನ ನೀರು ಇಳಿದ ಮೇಲೆ ಅದೇ ಕೇರಿಯಲ್ಲಿ ಬೀಗ ಹಾಕಿದ ಇನ್ನೊಂದು ಮನೆಯ ಹಿತ್ತಿಲಿಗೆ ಹೋದೆವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಯಿ ಬಿದ್ದಿತ್ತು. ಕಲ್ಲು ಹತ್ತಿ ನಿಂತರೂ ಸಾಕಾಗಿರಲಿಲ್ಲ. ಗೋಡೆಯ ಮೇಲೆ ಕೆಸರಿನ ಗೆರೆ ಕಾಣುತ್ತಿತ್ತು, ಸರಪಳಿಯನ್ನು ಎತ್ತಿ ಹಿಡಿದು ನೋಡಿದೆ. ನೀರು ಅದಕ್ಕಿಂತ ಒಂದು ಗೇಣು ಮೇಲೆ ಬಂದಿತ್ತು. ಮನೆಯವರು ಕೆಟ್ಟವರಲ್ಲ. ಸಂಜೆಗೆ ವಾಪಸ್ ಬಂದೇ ಬರುತ್ತೇವೆ ಎಂದುಕೊಂಡು ಬಟ್ಟಲು ತುಂಬ ಅನ್ನ ಹಾಕಿಟ್ಟು ಹೋಗಿದ್ದರು.

ಯುದ್ಧದಲ್ಲೂ ಮನೆ ಬಿಡುವವರೆಲ್ಲ ಹೀಗೆ ಸಂಜೆಗೆ ಬರುವವರೇ. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನೊಳಗೆ ನುಗ್ಗಿದ ಮೇಲೆ ಕೀವ್ ಹತ್ತಿರದ ಬೊರೊಡ್ಯಾಂಕಾ ಎಂಬಲ್ಲಿ ನಾಯಿಗಳ ಆಶ್ರಯತಾಣವೊಂದು ವಾರಗಟ್ಟಲೆ ಬೀಗ ಹಾಕಿದಂತೆಯೇ ಉಳಿಯಿತು. ಸ್ವಯಂಸೇವಕರು ಒಳಗೆ ಹೋಗುವಷ್ಟರಲ್ಲಿ ನೂರಾರು ನಾಯಿಗಳು ಹಸಿವು ನೀರಡಿಕೆಯಿಂದ ಸತ್ತಿದ್ದವು. ಪಂಜರದ ಬಾಗಿಲು ತೆರೆದಿಟ್ಟು ಹೋಗಿದ್ದರೆ ಎಷ್ಟೋ ಬದುಕುತ್ತಿದ್ದವು ಅನ್ನುವುದೇ ಸಂಕಟ.

ಬಾಂಬಿಗಿಂತ ಮೊದಲು ಭಯವೇ ಕೊಲ್ಲುವುದೂ ಉಂಟು. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಯುದ್ಧ ಸಾರಿದಾಗ ಲಂಡನ್ನಿನ ಜನ ತಮ್ಮ ನಾಯಿ ಬೆಕ್ಕುಗಳನ್ನು ತಾವೇ ಎತ್ತಿಕೊಂಡು ಹೋಗಿ ಆಸ್ಪತ್ರೆಗಳ ಮುಂದೆ ಸಾಲು ನಿಂತರು, ಚಿಕಿತ್ಸೆಗಲ್ಲ, ಸಾಯಿಸಲು. ಸರಕಾರದ ಕೈಪಿಡಿಯೇ ಹಾಗೆ ಹೇಳಿತ್ತು. ಹಳ್ಳಿಗೆ ಕಳಿಸಿ, ಆಗದಿದ್ದರೆ ಸಾಯಿಸುವುದೇ ದಯೆ ಅಂತ. ಒಂದೇ ವಾರದಲ್ಲಿ ಲಂಡನ್ನಿನಲ್ಲಿ ಸುಮಾರು 4 ಲಕ್ಷ ಸಾಕುಪ್ರಾಣಿಗಳು ಹೋದವು ಎಂದು ಇತಿಹಾಸಕಾರರ ಅಂದಾಜು, ಏಳೂವರೆ ಲಕ್ಷ ಎಂಬ ಲೆಕ್ಕವೂ ಓಡಾಡುತ್ತದೆ. ಆ ಊರಿನ ಮೇಲೆ ದಿನಬೆಳಗಾದರೆ ಬಾಂಬು ಬೀಳತೊಡಗಿದ್ದು ಒಂದು ವರ್ಷ ಕಳೆದ ಮೇಲೆ.

ಟೋಕಿಯೋದಲ್ಲೂ ಇದೇ ಕತೆ. 1943ರಲ್ಲಿ, ಬಾಂಬು ಬಿದ್ದು ಪಂಜರ ಒಡೆದರೆ ಪ್ರಾಣಿಗಳು ಊರೊಳಗೆ ನುಗ್ಗಿಯಾವು ಎಂದು ಉಯೆನೊ ಮೃಗಾಲಯಕ್ಕೆ ಕೊಲ್ಲುವ ಆದೇಶ ಬಂತು. ಅಲ್ಲಿ ಮೂರು ಆನೆಗಳಿದ್ದವು. ವಿಷ ಹಾಕಿದ ಆಲೂಗಡ್ಡೆಯನ್ನು ಮುಟ್ಟಲಿಲ್ಲ, ಅವುಗಳ ಚರ್ಮಕ್ಕೆ ಸೂಜಿ ಹೋಗಲಿಲ್ಲ. ಉಪವಾಸ ಹಾಕಿದರು. ಆಟ ತೋರಿಸಿದರೆ ತಿನ್ನಲು ಸಿಗುತ್ತದೆ ಎಂದು ಕಲಿತಿದ್ದ ಆನೆಗಳು ಮಾವುತರು ಕಂಡಾಗಲೆಲ್ಲ ಕಾಲೆತ್ತಿ ಆಟ ತೋರಿಸುತ್ತ ತೋರಿಸುತ್ತ ಸತ್ತವು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಆ ಕತೆಗೆ ನಮ್ಮ ಕಡೆಯ ಒಂದು ಬಾಲವಿದೆ. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ಆನೆ ಬೇಕೆಂದು ನೆಹರೂ ಅವರಿಗೆ ಪತ್ರ ಬರೆದರು. 1949ರಲ್ಲಿ ಅವರು ಕಳಿಸಿದ ಆನೆ ಮೈಸೂರು ಸೀಮೆಯದು, ಹೆಸರು ಇಂದಿರಾ. ಅದಕ್ಕೆ ಗೊತ್ತಿದ್ದುದು ಕನ್ನಡ ಮಾತ್ರ. ಉಯೆನೊದ ಜಪಾನಿ ಮಾವುತರು ಅದಕ್ಕಾಗಿ ಕನ್ನಡದ ಮಾತು ಕಲಿಯಬೇಕಾಯಿತು.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಮನುಷ್ಯ ಮೊದಲು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅಜ್ಜಿ ದೋಣಿ ಹತ್ತಿದ್ದು ಗಂಗಿಯ ಕಣ್ಣಿ ಕೊಯ್ದ ಮೇಲೆ. ಇದು ನಮ್ಮ ಅಜ್ಜಿಯ ಹಟ ಮಾತ್ರ ಅಲ್ಲ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನಾಯಿ ಬೆಕ್ಕು ಬಿಟ್ಟು ಬರುವುದಿಲ್ಲ ಎಂದು ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ, ಜನರನ್ನು ಸಾಗಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳ ವ್ಯವಸ್ಥೆಯೂ ಇರಬೇಕು ಎಂದು ಕಾನೂನು ಮಾಡಿದರು. ನಮ್ಮ ಜಮ್ಮು ಗಡಿಯ ಹಳ್ಳಿಗಳಲ್ಲಿ ಶೆಲ್ ಬೀಳತೊಡಗಿದಾಗ ಹೆಂಗಸರು ಮಕ್ಕಳನ್ನು ಕಳಿಸಿ ಮನೆಗೊಬ್ಬ ಗಂಡಸು ದನ ಎಮ್ಮೆ ನೋಡಿಕೊಳ್ಳಲು ಉಳಿಯುವುದುಂಟು. ಹೋದವರೂ ಹಗಲಲ್ಲಿ ಮೇವು ಹಾಕಲು ಬರುತ್ತಾರೆ. ದನಕ್ಕೊಂದು ದಾರಿ ಮಾಡದಿದ್ದರೆ ಮನುಷ್ಯನೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಹಾಗಂತ ಈ ಕೆಲಸ ಮಾಡುವವರೆಲ್ಲ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿಗಳ ಕೈಗೆ ಬಿದ್ದಾಗ, ಅಲ್ಲಿ ಪ್ರಾಣಿಗಳ ಆಶ್ರಯತಾಣ ನಡೆಸುತ್ತಿದ್ದ ಬ್ರಿಟನ್ನಿನ ಮಾಜಿ ಸೈನಿಕ ಪೆನ್ ಫಾರ್ಥಿಂಗ್ ಬಾಡಿಗೆ ವಿಮಾನದಲ್ಲಿ ಸುಮಾರು 170 ನಾಯಿ ಬೆಕ್ಕುಗಳನ್ನು ಹೊರಗೆ ತಂದರು. ಅವರ ಅಫ್ಘನ್ ಸಿಬ್ಬಂದಿಗೆ ಆ ವಿಮಾನ ಸಿಗಲಿಲ್ಲ, ಆಮೇಲೆ ಪಾಕಿಸ್ತಾನದ ದಾರಿ ಹಿಡಿಯಬೇಕಾಯಿತು. ಸಿಬ್ಬಂದಿಯನ್ನು ಬೇಕೆಂದೇ ಬಿಟ್ಟು ಬಂದದ್ದಲ್ಲ ನಿಜ, ಆದರೂ ಆ ಸುದ್ದಿ ಓದಿ ನನಗೂ ಕಸಿವಿಸಿಯಾಯಿತು. ನನಗೆ ಗೌರವ ಇರುವುದು ಇದ್ದಲ್ಲೇ ಇದ್ದು ಮಾಡುವವರ ಮೇಲೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋದಾಗ ಬಾಗ್ದಾದ್ ಮೃಗಾಲಯದ ಸುಮಾರು 650 ಪ್ರಾಣಿಗಳಲ್ಲಿ ಉಳಿದದ್ದು 35. ದಕ್ಷಿಣ ಆಫ್ರಿಕಾದ ಲಾರೆನ್ಸ್ ಆಂಥನಿ ತಾವಾಗಿ ಹೋಗಿ, ಅಲ್ಲಿನ ಸಿಬ್ಬಂದಿಯ ಜೊತೆ ಸೇರಿ ಅಷ್ಟನ್ನು ಬದುಕಿಸಿದರು. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಊರಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಅಲಾ ಅಲ್ ಜಲೀಲ್ ಗಾಯಾಳುಗಳನ್ನೂ ಸಾಗಿಸಿದರು, ಊರು ಬಿಟ್ಟು ಹೋದವರ ಬೆಕ್ಕುಗಳಿಗೂ ಊಟ ಹಾಕಿದರು. ಇಂಥವರನ್ನು ಕೇಳಿ ನೋಡಿ, ಮನುಷ್ಯನೋ ಪ್ರಾಣಿಯೋ ಅಂತ.

ಕಾನೂನಿನ ಮೇಲೆ ಬಹಳ ಭರವಸೆ ಇಡಬೇಡಿ. ಯುದ್ಧದಲ್ಲಿ ಪಾಲಿಸಬೇಕಾದ ನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಒಡಂಬಡಿಕೆ ಜಾನುವಾರುಗಳನ್ನು ನಾಶ ಮಾಡಬಾರದು ಎನ್ನುತ್ತದೆ, ಆದರೆ ಜನರ ಹೊಟ್ಟೆಪಾಡಿನ ವಸ್ತುಗಳ ಸಾಲಿನಲ್ಲಿ, ಬೆಳೆ ಮತ್ತು ಕುಡಿಯುವ ನೀರಿನ ಜೊತೆಗೆ. ನಾಯಿಗೆ ಅದರಲ್ಲಿ ಜಾಗವಿಲ್ಲ. ಭಾರತ ಆ ಒಡಂಬಡಿಕೆಗೆ ಸೇರಿಯೂ ಇಲ್ಲ. ನಮ್ಮದೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹೆಚ್ಚೆಂದರೆ 50 ರೂಪಾಯಿ. ಈಗ ಒಂದು ಕಿಲೋ ಬಂಗಡೆಯೂ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಏನಿದೆ ಎಂದರೆ, ಕಾಗದಪತ್ರ ಇದೆ. ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಿ, ಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. 2022ರಲ್ಲಿ ಯುಕ್ರೇನಿನಿಂದ ನಮ್ಮ ವಿದ್ಯಾರ್ಥಿಗಳು ನಾಯಿ ಬೆಕ್ಕು ಎದೆಗವಚಿಕೊಂಡು ಬಂದಾಗ ಕೇಂದ್ರ ಸರಕಾರ ಒಂದು ಸಲದ ಮಟ್ಟಿಗೆ ನಿಯಮ ಸಡಿಲಿಸಿತು. ಎಲ್ಲ ಸಲವೂ ಹಾಗಾಗುತ್ತದೆ ಅಂತಿಲ್ಲ. ಬೀದಿನಾಯಿಗಳನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಲಸಿಕೆ ಹಾಕಿಸಿ, ಪಕ್ಕದ ಮನೆಯ ಇನ್ನೊಬ್ಬರ ಕೈಯಲ್ಲೂ ಅನ್ನ ತಿನ್ನುವ ಅಭ್ಯಾಸ ಮಾಡಿಸಿ. ಸೈರನ್ನಿಗೆ ಅವು ದೀಪಾವಳಿ ಪಟಾಕಿಗೆ ಓಡಿದ ಹಾಗೇ ಓಡುತ್ತವೆ, ಆಗ ಹಿಡಿಯಲು ಹೋಗಬೇಡಿ, ಕಚ್ಚುತ್ತವೆ. ದನ ಇರುವವರಿಗೆ ನಾನು ಹೇಳುವುದು ಒಂದೇ. ಹೊರಡುವಾಗ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಡಿ.

ಇದನ್ನೆಲ್ಲ ದೊಡ್ಡದಾಗಿ ಹೇಳುವ ನಾನೂ ಒಂದನ್ನು ಬಿಟ್ಟು ಬಂದವನೇ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅರ್ಗಾ ಕಡೆಯ ಊರುಗಳು ಖಾಲಿಯಾದಾಗ ನಾನಿನ್ನೂ ಶಾಲೆಗೆ ಹೋಗುವ ಹುಡುಗ. ಲಾರಿಯಲ್ಲಿ ಕಪಾಟು, ಹಂಡೆ, ತುಳಸಿಕಟ್ಟೆಯ ಗಿಡ ಎಲ್ಲ ಏರಿತು. ನಮ್ಮ ನಾಯಿ ಕಾಳ್ಯಾ ಲಾರಿಯ ಹಿಂದೆ ಓಡಿ ಬರುತ್ತಾನೆ ಎಂದು ಅಪ್ಪ ಹೇಳಿದರು. ಹೆದ್ದಾರಿಯವರೆಗೆ ಬಂದ, ಅಲ್ಲಿ ನಿಂತ. ಮೂರು ಸಂಜೆ ಅಪ್ಪ ತೋಡೂರು ಕಾಲೊನಿಯಿಂದ ಸೈಕಲ್ಲಿನಲ್ಲಿ ಹೋಗಿ ಅನ್ನ, ಮೀನಿನ ತಲೆ ಹಾಕಿ ಬಂದರು. ಹಗ್ಗವನ್ನೂ ಒಯ್ದಿದ್ದರು, ಕಾಳ್ಯಾ ಹಗ್ಗ ಕಂಡರೆ ದೂರ ಓಡುತ್ತಿದ್ದ. ನಾಲ್ಕನೆಯ ಸಂಜೆ ಮನೆಯ ಹಂಚು ತೆಗೆದಾಗಿತ್ತು, ಕಾಳ್ಯಾ ಇರಲಿಲ್ಲ. ಅಪ್ಪ ಅನ್ನದ ಡಬ್ಬಿಯನ್ನು ಹಾಗೇ ವಾಪಸ್ ತಂದರು.

ಆದ್ದರಿಂದ ನಿಮ್ಮ ಬೆಕ್ಕುಗಳಿಗೆ ಈಗಲೇ ಒಂದು ಬುಟ್ಟಿ ತನ್ನಿ, ಮುಚ್ಚಳ ಇರುವಂಥದ್ದು. ಒಳಗೆ ನಿಮ್ಮದೊಂದು ಹಳೆ ಸೀರೆ ಹಾಸಿ, ಮುಚ್ಚಳ ತೆರೆದು ಮೂಲೆಯಲ್ಲಿ ಇಟ್ಟುಬಿಡಿ. ಅವು ತಾವಾಗಿ ಹೋಗಿ ಮಲಗುವಂತಾದರೆ ಮುಚ್ಚಳ ಹಾಕಲು ಎರಡೇ ನಿಮಿಷ. ನಮ್ಮ ಮನೆಯಲ್ಲಿ ಹಾಗೆ ಇಟ್ಟ ಬುಟ್ಟಿಯಲ್ಲಿ ಈಗ ಮೂರು ಮರಿಗಳಿವೆ, ಹೊಸ ಬುಟ್ಟಿ ತರಬೇಕು.