ಬಾಗಿಲ ಬಳಿ ಕಾಲು ಅಂಟಿಕೊಂಡಾಗ ಎಳೆಯಬೇಡಿ

ಪ್ರಶ್ನೆ: ಅಮ್ಮನಿಗೆ 68 ವರ್ಷ, ಪಾರ್ಕಿನ್ಸನ್ ಶುರುವಾಗಿ 6 ವರ್ಷವಾಯಿತು. ದಿನಕ್ಕೆ ಮೂರು ಸಲ ಊಟ, ತಿಂಡಿ ಆದ ಕೂಡಲೇ ಲೆವೊಡೋಪಾ ಮಾತ್ರೆ ಕೊಡುತ್ತೇವೆ. ಬೆಳಿಗ್ಗೆ ಓಡಾಡುತ್ತಾರೆ. ಮಧ್ಯಾಹ್ನ ಕಳೆದರೆ ಬಾಗಿಲಲ್ಲೇ ಕಾಲು ಅಂಟಿದಂತೆ ನಿಂತುಬಿಡುತ್ತಾರೆ. ಕೈ ಹಿಡಿದು ಎಳೆದರೆ ಮುಗ್ಗರಿಸುತ್ತಾರೆ. ಮಾತ್ರೆ ಹೆಚ್ಚಿಸಬೇಕೇ?

ಉತ್ತರ: ಎಳೆಯುವುದನ್ನು ಇವತ್ತೇ ಬಿಡಿ. ಪಾದ ನೆಲದಲ್ಲೇ ಇರುತ್ತದೆ, ಮೈ ಮಾತ್ರ ಮುಂದೆ ಬರುತ್ತದೆ. ಅವರು ಬೀಳುವುದು ಹಾಗೆಯೇ. ‘ಬೇಗ ಬಾ’ ಎಂದು ಅವಸರಿಸಿದರೆ ಕಾಲು ಇನ್ನಷ್ಟು ಬಿಗಿಯುತ್ತದೆ. ಬೆಳಿಗ್ಗೆ ನಡೆದವರು ಈಗ ಹಟ ಮಾಡುತ್ತಿದ್ದಾರೆ ಎಂದು ಮನೆಯವರಿಗೆ ಅನಿಸುವುದುಂಟು. ಅದು ಹಟವಲ್ಲ, ಗಂಟೆಗಂಟೆಗೆ ಬದಲಾಗುವುದೇ ಈ ಕಾಯಿಲೆಯ ಸ್ವಭಾವ.

ನಾವು ಯೋಚಿಸದೆಯೇ ನಡೆಯುತ್ತೇವಲ್ಲ, ಆ ಅಭ್ಯಾಸದ ನಡಿಗೆಗೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಅದು ಕಡಿಮೆಯಾದಾಗ ಕಣ್ಣಿಗೆ ಕಾಣುವ ಗುರುತು ಅಥವಾ ಕಿವಿಗೆ ಕೇಳುವ ತಾಳ ಹಿಡಿದು ನಡೆಸಬಹುದು. ಪಕ್ಕದಲ್ಲಿ ನಿಂತು ಇಷ್ಟು ಮಾಡಿಸಿ: ನಿಲ್ಲಲಿ, ಉಸಿರೆಳೆದುಕೊಳ್ಳಲಿ, ಬೆನ್ನು ನೇರ ಮಾಡಲಿ. ಮೈಭಾರವನ್ನು ಎಡಕ್ಕೆ, ಬಲಕ್ಕೆ ಎರಡು ಮೂರು ಸಲ ಬದಲಾಯಿಸಲಿ. ಆಮೇಲೆ ‘ಒಂದು, ಎರಡು’ ಎಣಿಸುತ್ತ ದೊಡ್ಡ ಹೆಜ್ಜೆ ಇಡಲಿ. ಬಾಗಿಲಿನ ಆಚೀಚೆ ನೆಲಕ್ಕೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಬಣ್ಣದ ಟೇಪನ್ನು ಅಡ್ಡಪಟ್ಟಿಯಾಗಿ ಅಂಟಿಸಿ, ಅಂಚು ಏಳದಂತೆ ನೋಡಿಕೊಳ್ಳಿ. ನಿಂತಲ್ಲೇ ತಿರುಗುವುದು ಬೇಡ, ಅರ್ಧವೃತ್ತದಲ್ಲಿ ನಡೆದು ತಿರುಗಲಿ. ನಡೆಯುವಾಗ ಮಾತಿಗೆಳೆಯಬೇಡಿ.

ಇನ್ನು ಮಾತ್ರೆ. ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ನನಗೆ ಅನುಮಾನ ಇರುವುದು ಪ್ರಮಾಣದ ಮೇಲಲ್ಲ, ಹೊತ್ತಿನ ಮೇಲೆ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಲೆವೊಡೋಪಾ ಹೋಗುವ ದಾರಿಯಲ್ಲೇ ಪ್ರೋಟೀನಿನ ಅಮೈನೋ ಆಮ್ಲಗಳೂ ಹೋಗುತ್ತವೆ. ತುಂಬಿದ ಹೊಟ್ಟೆಯಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಸಾಮಾನ್ಯವಾಗಿ ಊಟಕ್ಕೆ 30 ನಿಮಿಷ ಮೊದಲು ಅಥವಾ ಊಟವಾಗಿ 1 ಗಂಟೆಯ ನಂತರ ಕೊಡುವುದು ಒಳ್ಳೆಯದು. ವೈದ್ಯರಿಗೆ ತಿಳಿಸಿಯೇ ಬದಲಾಯಿಸಿ. ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ತು ಸಾಕು. ಪ್ರೋಟೀನನ್ನೇ ಬಿಡಿಸಬೇಡಿ, ತೂಕ ಇಳಿಯುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಜೊತೆಗೆ ಕೊಡಬೇಡಿ. ಮಲಬದ್ಧತೆ ಇದ್ದರೆ ಅದಕ್ಕೂ ಚಿಕಿತ್ಸೆ ಮಾಡಿಸಿ.

ಒಂದು ವಾರ ಬರೆದಿಡಿ: ಮಾತ್ರೆಯ ಹೊತ್ತು, ಊಟದ ಹೊತ್ತು, ಕಾಲು ಅಂಟಿದ ಹೊತ್ತು. ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ಅಂಟುತ್ತಿದ್ದರೆ ಔಷಧದ ಪ್ರಭಾವ ಮುಗಿಯುತ್ತಿದೆ ಎಂದರ್ಥ. ನರರೋಗ ತಜ್ಞರು ಮಾತ್ರೆಗಳ ನಡುವಿನ ಅಂತರ ಕಡಿಮೆ ಮಾಡಬಹುದು. ಔಷಧ ಚೆನ್ನಾಗಿ ಹಿಡಿದಿರುವಾಗಲೂ ಅಂಟುತ್ತಿದ್ದರೆ ಪ್ರಮಾಣ ಏರಿಸಿ ಪ್ರಯೋಜನವಾಗದೆ ಹೋಗಬಹುದು. ಅಲ್ಲಿ ಫಿಸಿಯೋಥೆರಪಿಗೆ ಹೆಚ್ಚು ಒತ್ತು ಕೊಡಬೇಕು.

ಯಾವ ಕಾರಣಕ್ಕೂ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ತೀವ್ರ ಜ್ವರ, ಮೈಬಿಗಿತ, ಗೊಂದಲ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾದೀತು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿಗೆ ಬೇರೆಯವರು ಮೆಟೊಕ್ಲೋಪ್ರಮೈಡ್ ಅಥವಾ ಪ್ರೋಕ್ಲೋರ್ಪೆರಝೀನ್ ಬರೆಯಲು ಹೊರಟರೆ ಪಾರ್ಕಿನ್ಸನ್ ಇದೆ ಎಂದು ಹೇಳಿ. ಅವು ಡೋಪಮೈನಿನ ಕೆಲಸಕ್ಕೇ ಅಡ್ಡ ಬಂದು ನಡಿಗೆಯನ್ನು ಇನ್ನಷ್ಟು ಕೆಡಿಸುತ್ತವೆ.